ಇನ್ನೊಂದೇ ನಿಮಿಷ

ಹಿಂದಿನ ಗೋಡೆಯ ಕೆಂಪು ದೀಪದ ಗುಂಡಿ ನನ್ನ ಕೈಯಲ್ಲಿ.
ಒತ್ತಿದರೆ, ಮೈಕಿನ ಮುಂದೆ ನಿಂತವನಿಗೆ ಮಾತ್ರ ಕಾಣುತ್ತದೆ:
ಇನ್ನೊಂದೇ ನಿಮಿಷ, ಮುಗಿಸು.
ಪಿಟ್ಸ್‌ಬರ್ಗಿನ ಈ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷ ಒತ್ತಿದ್ದೇನೆ,
ಎಳೆಯರಿಗೆ, ಕುಡುಕರಿಗೆ, ಅಳುತ್ತಾ ಇಳಿದವರಿಗೆ.
ಮಿಲ್ಟ್ ಝೆಲ್ನಿಕ್‌ಗೆ ಒತ್ತಿದ್ದು ಒಂದೇ ಸಲ.

ನಗುವವರ ಮುಂದೆ ಎಡವಿ ಬೀಳಬಾರದು ಅನ್ನುತ್ತಾರೆ.
ಇವನಿಗೆ ಅದೇ ಕಸುಬು.
ಬಫಲೋದಲ್ಲಿ ಅಪ್ಪನದು ಮೀನಿನಂಗಡಿ.
ಬಾಕಿ ಕೇಳಲು ಬಂದವರನ್ನು ನಗಿಸಿ ಸಾಗಹಾಕುವುದು
ಎಂಟು ವರ್ಷದ ಹುಡುಗನ ಪಾಲಿಗೆ ಬಂದ ಕೆಲಸ.
ನಕ್ಕವನಿಗೆ ನಾಳೆ ಬಾ ಅಂದರೆ
ನಾಳೆಯೇ ಬರುತ್ತಾನೆ, ಇವತ್ತಲ್ಲ:
ಅಪ್ಪನ ಅರ್ಥಶಾಸ್ತ್ರ ಅಷ್ಟೇ.

ಆಮೇಲೆ ಬೆಟ್ಟದ ಮೇಲಿನ ಹೋಟೆಲುಗಳು,
ಸೂಪು ಸುರಿಯುವ ಸದ್ದಿಗೆ ಎದುರಾಗಿ ಹೇಳಿದ ಜೋಕುಗಳು,
ಕ್ಲೀವ್‌ಲ್ಯಾಂಡ್, ರೀನೋ,
ಒಂದು ಚಳಿಗಾಲವಿಡೀ ಹಡಗಿನಲ್ಲಿ,
ಅಲ್ಲಿ ಜನ ಬಾಗಿದ್ದು ನಕ್ಕೋ ವಾಂತಿಗೋ
ತಿಳಿಯುತ್ತಿರಲಿಲ್ಲವಂತೆ.

ಟೀವಿಯವರು ಒಮ್ಮೆ ಆರು ನಿಮಿಷ ಕೊಟ್ಟಿದ್ದರು.
ಹೊಸ ಕೋಟು ಹೊಲಿಸಿದ.
ಇವನಿಗಿಂತ ಮುಂಚೆ ಆಡಲು ಬಂದ ಸೀಲ್ ಪ್ರಾಣಿ
ಮೂಗಿನ ಮೇಲಿನ ಚೆಂಡನ್ನು ಬಿಡಲೊಲ್ಲದು.
ಉಳಿದದ್ದು ನಲವತ್ತು ಸೆಕೆಂಡು.
ಮಿಲ್ಟ್ ಬಂದ, ನಮಸ್ಕರಿಸಿದ, ಅಂದ:
"ಸೀಲಿಗೂ ನನಗೂ ಏಜೆಂಟು ಒಬ್ಬನೇ.
ಆ ಚೆಂಡು ಅವನ ಕಮಿಷನ್ನು."
ಮೂವತ್ತು ವರ್ಷ ಎಲ್ಲಿ ಹೋದರೂ
ಸೀಲಿನವನು ಬಂದ, ಸೀಲಿನವನು ಬಂದ.
ಆರು ನಿಮಿಷದ ಉಳಿದ ಸರಕು
ಯಾರೂ ಕೇಳದೆ ಮುದಿಯಾಯಿತು.

ಹೆಂಡತಿ ರೋಸ್ಲಿನ್, ಚಪ್ಪಲಿ ಅಂಗಡಿಯ ಲೆಕ್ಕದವಳು.
ಬೂಟಿನ ಡಬ್ಬಿಗಳಲ್ಲಿ ಇವನ ಜೋಕಿನ ಚೀಟಿಗಳು,
ಅವುಗಳ ಮೇಲೆ ಅವಳ ಕೆಂಪು ಪೆನ್ಸಿಲು.
ಒಮ್ಮೆಯೂ ನಕ್ಕವಳಲ್ಲ.
"ಒಂದು ಪದ ಜಾಸ್ತಿ" ಅನ್ನುವಳು, ಗೀಟು ಹಾಕುವಳು,
ಮಾರನೆಯ ರಾತ್ರಿ ಅದೇ ಜೋಕಿಗೆ ಮೇಜುಗಳು ಬಡಿದುಕೊಳ್ಳುತ್ತಿದ್ದವು.
ಮದುವೆಯಾಗುತ್ತೀಯಾ ಅಂತ ಕೇಳಿದಾಗಲೂ
ಒಪ್ಪಿಗೆಗೆ ಮೊದಲು ಅದನ್ನೇ ಅಂದಳಂತೆ.

ಕಾಲ ಬದಲಾಗಿ ಅತ್ತೆಯ ಜೋಕುಗಳು ಹಳಸಿದವು, ಕೈಬಿಟ್ಟ.
ಈರಿಯಿಂದ ಅತ್ತೆಯೇ ಫೋನು ಮಾಡಿದಳು:
"ನಾನೇನು ತಪ್ಪು ಮಾಡಿದೆ?"

ರೋಸ್ಲಿನ್ ಹೋದ ಮೇಲೆ ಏಳು ತಿಂಗಳು ಅವನ ಸುಳಿವಿಲ್ಲ.
ಒಂದು ಮಂಗಳವಾರ ಬಂದ,
ಎಂಬತ್ತನಾಲ್ಕರ ಮಂಡಿ ಹಿಡಿದು ಮೆಟ್ಟಿಲಿಳಿದು.
ಹನ್ನೊಂದು ಜನ. ಗೊರಗುಟ್ಟುವ ಐಸ್ ಯಂತ್ರ.
ಆಸ್ಪತ್ರೆಯ ಬಿಲ್ಲಿನ ಜೋಕು ಶುರುಮಾಡಿ
ಕೊನೆಯ ಪದದ ಹೊಸ್ತಿಲಲ್ಲಿ ನಿಂತುಬಿಟ್ಟ.

ನಾಲ್ಕು ಸೆಕೆಂಡಿನವರೆಗೆ ಅದು ಕಲೆ,
ನನಗೆ ಗೊತ್ತು.
ಒಂಬತ್ತಕ್ಕೆ ಯಾರೋ ಕುರ್ಚಿ ಸರಿಸಿದರು.
ಹದಿನಾಲ್ಕಕ್ಕೆ ಅವನ ತುಟಿ ನೋಡಿದೆ,
ಬೀಗಕ್ಕೆ ಸೇರದ ಕೀಲಿಯಂತೆ ಆಡುತ್ತಿತ್ತು.
ಇಳಿಸಲೆಂದಲ್ಲ, ಹಿಡಿಯಲು ಏನಾದರೂ ಇರಲೆಂದು
ಗುಂಡಿ ಒತ್ತಿದೆ.

ಕೆಂಪು ಕಂಡ.
ಕಣ್ಣು ಕಿರಿದು ಮಾಡಿ, ಬಹಳ ಮೆಲ್ಲಗೆ ಅಂದ:
"ಗೊತ್ತಾಯ್ತು ರೋಸ್, ತೆಗೆದೆ."

ರೋಸ್ ಯಾರೆಂದು ತಿಳಿಯದವರೂ ನಕ್ಕರು.
ಐಸ್ ಯಂತ್ರದ ಸದ್ದು ಕೇಳದಷ್ಟು.

ಹೊರಗೆ ಹಿಮಕ್ಕೆ ರಬ್ಬರ್ ಬೂಟು ಏರಿಸುತ್ತಿದ್ದವನನ್ನು ಕೇಳಿದೆ:
ನಿಜಕ್ಕೂ ಮರೆತಿತ್ತಾ, ಬೇಕಂತಲೇನಾ?
ಬೂಟಿನೊಳಗೆ ಹೆಬ್ಬೆರಳು ತುರುಕುತ್ತಾ
ತಲೆಯೆತ್ತದೆ ಅಂದ:
"ಹನ್ನೊಂದರಲ್ಲಿ ಒಂಬತ್ತು ಜನ.
ಆ ಇಬ್ಬರು ಎಲ್ಲಿ ಕೂತಿದ್ದರು?"